ಗುಬ್ಬಚ್ಚಿಗೆ ಬರೀ ಕಾಳು ಸಾಲದು

ಗೂಡು ಕಟ್ಟಿದ್ದೇನೆ, ದಿನಾ ಕಾಳು-ನೀರು ಇಡುತ್ತೇನೆ, ಆದರೂ ಒಂದು ಗುಬ್ಬಿಯೂ ಇತ್ತ ಸುಳಿಯುತ್ತಿಲ್ಲ, ಇದಕ್ಕೆಲ್ಲ ಮೊಬೈಲ್ ಟವರೇ ಕಾರಣ ಅಲ್ವಾ ಎಂದು ಕೇಳಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಟವರ್ ಮಾತನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಗುಬ್ಬಿಗಳು ಕಡಿಮೆಯಾಗತೊಡಗಿದ್ದು 1970ರ ದಶಕದ ಕೊನೆಯಲ್ಲಿ. ಆಗ ಅಲ್ಲಿ ಮೊಬೈಲೇ ಇರಲಿಲ್ಲ.

ಹಾಗಂತ ನಷ್ಟವೇನೂ ಸಣ್ಣದಲ್ಲ. ಯುರೋಪಿನ ದೇಶಗಳಲ್ಲಿ 1980ರಿಂದೀಚೆಗೆ ಸುಮಾರು 24.7 ಕೋಟಿ ಗುಬ್ಬಿಗಳು ಇಲ್ಲವಾಗಿವೆ, ಹೆಚ್ಚುಕಮ್ಮಿ ಅರ್ಧಕ್ಕರ್ಧ. ಭಾರತದಲ್ಲಿ ಚಿತ್ರ ಬೇರೆ. 2020ರ ‘ಭಾರತದ ಹಕ್ಕಿಗಳ ಸ್ಥಿತಿ’ ವರದಿಯ ಪ್ರಕಾರ ಒಟ್ಟಾರೆ ಸಂಖ್ಯೆ ಹೆಚ್ಚು ಏರುಪೇರಿಲ್ಲದೆ ನಿಂತಿದೆ, ಇಳಿದಿರುವುದು ದೊಡ್ಡ ನಗರಗಳಲ್ಲಿ.

ಈಗ ನಿಮ್ಮ ಕಾಳಿನ ವಿಷಯ. ದೊಡ್ಡ ಗುಬ್ಬಿಗೆ ಕಾಳು ಸಾಕು, ಮರಿಗೆ ಸಾಲದು. ಮೊಟ್ಟೆಯೊಡೆದು ಬಂದ ಮರಿಗೆ ರೆಕ್ಕೆಪುಕ್ಕ ಇರುವುದಿಲ್ಲ, ಕಣ್ಣೂ ಬಿಟ್ಟಿರುವುದಿಲ್ಲ, ಆದರೆ ಎರಡೇ ವಾರದಲ್ಲಿ ಅದು ಗೂಡು ಬಿಟ್ಟು ಹಾರಬೇಕು. ಅಷ್ಟು ಬೇಗ ಬೆಳೆಯಲು ಮೆತ್ತನೆಯ ಹುಳುಗಳೇ ಬೇಕು: ಕಂಬಳಿಹುಳು, ಗಿಡಹೇನು, ಜೇಡ. ಬ್ರಿಟನ್ನಿನ ಲೆಸ್ಟರ್ ನಗರದಲ್ಲಿ ಗೂಡುಗಳನ್ನು ಗಮನಿಸಿದವರು ಕಂಡದ್ದೂ ಇದನ್ನೇ. ಹುಳು ಸಿಗದೆ ಕಾಳು-ಸೊಪ್ಪು ತಿಂದ ಮರಿಗಳು ಸೊರಗಿದ್ದವು. ಗಿಡಹೇನು ಕಂಡ ಕೂಡಲೇ ಔಷಧಿ ಹೊಡೆದು, ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿ, ಆಮೇಲೆ ಒಂದು ತಟ್ಟೆ ಕಾಳು ಇಟ್ಟರೆ ಮರಿ ಬದುಕುವುದು ಹೇಗೆ?

ಹುಳುವೊಂದೇ ಉತ್ತರ ಎಂದೂ ನಾನು ಹೇಳಲಾರೆ. ಲಂಡನ್ನಿನಲ್ಲಿ ಗುಬ್ಬಿಗಳಿಗೆ ಹುಳು ಒದಗಿಸಿ ನೋಡಿದರು. ಮರಿಗಳೇನೋ ಜಾಸ್ತಿ ಉಳಿದವು, ದೊಡ್ಡ ಗುಬ್ಬಿಗಳ ಸಂಖ್ಯೆ ಮಾತ್ರ ಅಷ್ಟಾಗಿ ಏರಲಿಲ್ಲ. ಅಲ್ಲಿನ ಗುಬ್ಬಿಗಳಲ್ಲಿ ಹಕ್ಕಿಗಳಿಗೆ ಬರುವ ಮಲೇರಿಯಾ ಕೂಡ ಕಂಡುಬಂದಿದೆ.

ನೀವೀಗ ಮಾಡಬಹುದಾದದ್ದು ಇಷ್ಟು. ಔಷಧಿ ನಿಲ್ಲಿಸಿ. ಅಂಗಳದ ಒಂದು ಮೂಲೆಯನ್ನಾದರೂ ಗುಡಿಸದೆ, ಕಳೆ ಕೀಳದೆ ಸುಮ್ನೆ ಬಿಡಿ, ಜೊತೆಗೆ ಒತ್ತಾದ ಪೊದೆಯೊಂದನ್ನು ಬೆಳೆಸಿ. ಗುಬ್ಬಿಗೆ ಒಂಟಿತನ ಆಗದು, ಹಾಗಾಗಿ ಒಂದರ ಬದಲು ಮೂರ್ನಾಲ್ಕು ಗೂಡು ಹತ್ತಿರ ಹತ್ತಿರ ಕಟ್ಟಿ, ತೂತು 32 ಮಿಲಿಮೀಟರ್ ಇರಲಿ. ನೀರಿನ ತಟ್ಟೆಯನ್ನು ದಿನಾ ತೊಳೆಯಿರಿ, ಕೊಳಕು ತಟ್ಟೆಯಿಂದಲೂ ರೋಗ ಹರಡುತ್ತದೆ.

ಇನ್ನೊಂದು ಮಾತು. ಗುಬ್ಬಿ ಹುಟ್ಟಿದ ಜಾಗ ಬಿಟ್ಟು ತುಂಬ ದೂರ ಹೋಗುವ ಹಕ್ಕಿಯಲ್ಲ. ಹತ್ತಿರದಲ್ಲಿ ಎಲ್ಲೂ ಗುಬ್ಬಿಗಳಿಲ್ಲದಿದ್ದರೆ ನಿಮ್ಮ ಗೂಡಿಗೆ ಬರುವವರಾದರೂ ಯಾರು? ಅದಕ್ಕೇ, ಮೊದಲು ಸುತ್ತಮುತ್ತ ಎಲ್ಲಾದರೂ ಗುಂಪು ಉಳಿದಿದೆಯಾ ನೋಡಿ. ಇದ್ದರೆ ಆ ಮನೆಯವರನ್ನು ಮಾತಾಡಿಸಿ, ರಿಪೇರಿ ಮಾಡಿಸುವಾಗ ಮಾಡಿನ ಸಂದುಗಳನ್ನು ಮುಚ್ಚಬೇಡಿ ಎಂದು ಕೇಳಿಕೊಳ್ಳಿ.