ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡು, ತಿಂಗಳಿಂದ ದಿನಾ ನುಗ್ಗೆಸೊಪ್ಪು ತಿನ್ನುತ್ತಿರುವ ಅಮ್ಮನ ಐಎನ್‌ಆರ್ 3ರಿಂದ 1.6ಕ್ಕೆ ಇಳಿದಿದೆ, ಯಾಕೆ?

ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಅಳತೆ, ಅದು ಇಳಿದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಇಳಿಯಲು ಸೊಪ್ಪೇ ಕಾರಣ ಇರಬಹುದು. ಲೋಹದ ವಾಲ್ವ್ ಹಾಕಿಸಿಕೊಂಡ ಅಮ್ಮ ತಿಂಗಳಿಂದ ದಿನಾ ನುಗ್ಗೆಸೊಪ್ಪು ತಿನ್ನುತ್ತಿದ್ದಾರೆ ಅಂದಿರಲ್ವಾ? ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನ್‌ಗಳನ್ನು ಲಿವರ್ ತಯಾರಿಸಲು ವಿಟಮಿನ್ ಕೆ ಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಆ ಕೆಲಸಕ್ಕೇ ಅಡ್ಡ ಬರುತ್ತದೆ. ಸೊಪ್ಪಿನಲ್ಲಿ ಆ ವಿಟಮಿನ್ ಜಾಸ್ತಿ, ಹಾಗಾಗಿ ಮಾತ್ರೆಯ ಬಲ ಕುಗ್ಗುತ್ತದೆ. ಇದೊಂದೇ ಕಾರಣ ಅಂತ ಇಲ್ಲಿಂದ ಹೇಳಲಾಗದು. ಡೋಸ್ ತಪ್ಪಿದರೂ, ಹೊಸ ಔಷಧಿ ಸೇರಿದರೂ ಹೀಗಾಗುತ್ತದೆ.

ಇವತ್ತೇ ಹೃದಯದ ಡಾಕ್ಟರಿಗೆ ಫೋನ್ ಮಾಡಿ. 1.6 ಅಂದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಇದೆ, ಮುಂದಿನ ತಪಾಸಣೆವರೆಗೆ ಕಾಯಬೇಡಿ. ಫೋನಿಗೆ ಮೊದಲು ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆ ಎಣಿಸಿ, ಆಯುರ್ವೇದದ ಪುಡಿ, ಕಷಾಯ ಸಹಿತ ಎಲ್ಲ ಔಷಧಿ ಬರೆದಿಟ್ಟುಕೊಳ್ಳಿ. ಡೋಸ್ ಅವರು ಹೇಳಿದರೆ ಮಾತ್ರ ಬದಲಿಸಿ. ಬದಲಿಸಿದ ಡೋಸ್‌ನ ಪರಿಣಾಮ ಕಾಣಲು ಎರಡು-ಮೂರು ದಿನ ಬೇಕು, ಸುಮ್ನೆ ಇನ್ನೊಂದು ಮಾತ್ರೆ ಕೊಟ್ಟುಬಿಡಬೇಡಿ.

ಸೊಪ್ಪನ್ನು ಪೂರ್ತಿ ಬಿಡಿಸಬೇಡಿ, ಆಗ ಐಎನ್‌ಆರ್ ಏರಿ ರಕ್ತಸ್ರಾವ ಆಗಬಹುದು. ಎಷ್ಟು ತಿನ್ನಬೇಕೆಂದು ಡಾಕ್ಟರನ್ನೇ ಕೇಳಿ, ವಾರ ವಾರವೂ ಅಷ್ಟೇ ಕೊಡಿ. ಮತ್ತೆ ಯಾವಾಗ ಟೆಸ್ಟ್ ಅಂತಲೂ ಕೇಳಿ.

ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಉಸಿರು ಕಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ.