ಸಿಮ್‌ಗೆ ಪಿನ್ ಹಾಕಿದ್ದೇನೆ, ಸಾಕಾ?

ಪ್ರಶ್ನೆ: ಮೇಡಂ, ನನಗೆ 64 ವರ್ಷ, ನಿವೃತ್ತ ಶಿಕ್ಷಕಿ. ಹೋದ ವಾರ ಕಸ್ಟಮರ್ ಕೇರ್‌ನವನು ಅಂತ ಒಬ್ಬ ಫೋನ್ ಮಾಡಿದ. ‘ನಿಮ್ಮ ಸಿಮ್ ಹಳೇದು, ನಾಳೆ ಬಂದ್ ಆಗುತ್ತೆ. ಒಂದು ಮೆಸೇಜ್ ಕಳಿಸ್ತೀನಿ, ಅದನ್ನ ಹಾಗೇ ಕಂಪನಿ ನಂಬರಿಗೆ ಕಳಿಸಿ’ ಎಂದ. ಮೆಸೇಜಿನಲ್ಲಿ ಉದ್ದಕ್ಕೂ ಬರೀ ಅಂಕಿ. ಹೆದರಿ ಫೋನ್ ಇಟ್ಟೆ. ಆಮೇಲೆ ಮಗ ಸಿಮ್‌ಗೆ ಪಿನ್ ಹಾಕಿಕೊಟ್ಟ. ಪಿಂಚಣಿ ಬರುವ ಖಾತೆಗೂ ಇದೇ ನಂಬರ್. ಇಷ್ಟು ಸಾಕಾ?
– ಓದುಗರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಫೋನ್ ಇಟ್ಟಿರಲ್ಲ, ಬಹಳ ಒಳ್ಳೆಯದಾಯಿತು. ಪ್ರತಿ ಸಿಮ್ ಕಾರ್ಡಿನ ಮೇಲೂ 19–20 ಅಂಕಿಯ ಒಂದು ಸಂಖ್ಯೆ ಸಣ್ಣದಾಗಿ ಅಚ್ಚಾಗಿರುತ್ತದೆ. ಅವನು ಕಳಿಸಿದ್ದು ತನ್ನ ಕೈಲಿದ್ದ ಖಾಲಿ ಸಿಮ್‌ನ ಸಂಖ್ಯೆ ಇರಬೇಕು. ಅದು ನಿಮ್ಮ ಫೋನಿನಿಂದ ಕಂಪನಿಗೆ ಹೋದರೆ, ‘ನನ್ನ ನಂಬರನ್ನು ಈ ಸಿಮ್‌ಗೆ ಹಾಕಿಕೊಡಿ’ ಎಂದು ನೀವೇ ಕೇಳಿಕೊಂಡ ಹಾಗೆ. ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಮಾಡಿಕೊಡ್ತೀವಿ ಅಂತ ಓಟಿಪಿ ಕೇಳುವವರದ್ದೂ ಇದೇ ಕೆಲಸ.

ಪಿನ್ ಇರಲಿ, ತೆಗೆಯಬೇಡಿ. ಫೋನ್ ಕಳುವಾದರೆ ಕಳ್ಳ ನಿಮ್ಮ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಬಳಸಲು ಆಗುವುದಿಲ್ಲ. ಆದರೆ ಆ ಪಿನ್ ಇರುವುದು ನಿಮ್ಮ ಕಾರ್ಡಿನೊಳಗೆ. ನಂಬರೇ ಇನ್ನೊಂದು ಕಾರ್ಡಿಗೆ ಹೋದರೆ ಪಿನ್‌ನಿಂದ ಏನೂ ಉಪಯೋಗವಿಲ್ಲ.

ಜಯನಗರದಲ್ಲಿರುವ ನನ್ನ ಅಕ್ಕನಿಗೆ ಆಗಿದ್ದನ್ನು ಹೇಳುತ್ತೇನೆ. ಒಂದು ಶನಿವಾರ ಸಂಜೆ ತರಕಾರಿ ತರಲು ಹೋದಾಗ ಅವರ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ಮಾಯ. ಮಳೆ ಬರ್ತಿತ್ತು, ಅದಕ್ಕೇ ಇರಬೇಕು ಎಂದುಕೊಂಡರು. ಮನೆಗೆ ಬಂದರೆ ವೈಫೈ ಇತ್ತು, ವಾಟ್ಸಾಪ್ ಎಂದಿನಂತೆ ನಡೆಯಿತು. ಹಾಗಾಗಿ ಯಾರಿಗೂ ಅನುಮಾನವೇ ಬರಲಿಲ್ಲ. ಭಾನುವಾರ ರಾತ್ರಿ ಖಾತೆಯಿಂದ 1,86,000 ರೂಪಾಯಿ ಹೋಯಿತು. ಕೆಲವು ದಿನ ಮೊದಲು ಕೆವೈಸಿ ಅಂತ ಬಂದ ಲಿಂಕ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹಾಕಿದ್ದು ಆಮೇಲೆ ನೆನಪಾಯಿತು.

ಶನಿವಾರ ಸಿಗ್ನಲ್ ಹೋಗಿ, ಭಾನುವಾರ ರಾತ್ರಿ ದುಡ್ಡು ಹೋಗಿದ್ದು ಸುಮ್ನೆ ಅಲ್ಲ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಹೋಗಬಾರದು, ಬರಬಾರದು ಎಂದು ದೂರಸಂಪರ್ಕ ಇಲಾಖೆಯ ನಿಯಮವಿದೆ. ಎಸ್ಸೆಮ್ಮೆಸ್ಸಿನಲ್ಲಿ ಬರುವ ಓಟಿಪಿ ಆ ಒಂದು ದಿನ ಕಳ್ಳನಿಗೂ ಸಿಗುವುದಿಲ್ಲ. ಅಕ್ಕನಿಗೆ ಪೂರ್ತಿ ಒಂದು ದಿನ ಇತ್ತು. ಆ ದಿನವನ್ನು ನಾವೆಲ್ಲ ಸೇರಿ ಕಳೆದುಬಿಟ್ಟೆವು. ನನಗೆ ಈಗಲೂ ಅದು ಕೊರೆಯುತ್ತದೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಪಕ್ಕದಲ್ಲಿದ್ದವರ ಫೋನಿಗೆ ಸಿಗ್ನಲ್ ಇದ್ದು, ನಿಮ್ಮದಕ್ಕೆ ಮಾತ್ರ ಇಲ್ಲದಿದ್ದರೆ ಕಾಯಬೇಡಿ. ಒಮ್ಮೆ ಫೋನ್ ಆಫ್ ಮಾಡಿ ಆನ್ ಮಾಡಿ. ಆಗಲೂ ಬರದಿದ್ದರೆ ಅವರ ಫೋನಿನಿಂದಲೇ ಮೊಬೈಲ್ ಕಂಪನಿಗೆ ಕರೆ ಮಾಡಿ, ‘ನನ್ನ ಸಿಮ್ ಬದಲಾಗಿದೆಯಾ?’ ಎಂದು ಕೇಳಿ. ಹೌದು ಎಂದರೆ ತಕ್ಷಣ ನಂಬರ್ ಬಂದ್ ಮಾಡಿಸಿ. ನಂತರ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ದೂರು ಸಂಖ್ಯೆ ಬರೆದುಕೊಳ್ಳಿ. ದುಡ್ಡು ಹೋಗಿದ್ದರೆ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ತಪ್ಪು ನಮ್ಮದೇ ಆಗಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅದಕ್ಕೇ ಆ ದೂರು ಸಂಖ್ಯೆ ಮುಖ್ಯ.

ಇನ್ನೊಂದು ಕೆಲಸ ಇವತ್ತೇ ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಆರು ಅಂಕಿಯ ಟೂ ಸ್ಟೆಪ್ ಪಿನ್ ಹಾಕಿಸಿ. ಬೇರೆ ಫೋನಿನಲ್ಲಿ ನಿಮ್ಮ ವಾಟ್ಸಾಪ್ ತೆರೆಯಲು ಬೇಕಾದ ಕೋಡ್ ಕರೆಯಲ್ಲೂ ಬರುತ್ತದೆ, ಹಾಗಾಗಿ ಎಸ್ಸೆಮ್ಮೆಸ್ ತಡೆ ಅದಕ್ಕೆ ಸಾಲದು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಮಗನಿಂದ ನೋಡಿಸಿ.

ಸಾಧ್ಯವಾದರೆ ಬ್ಯಾಂಕಿಗೇ ಅಂತ ಬೇರೆ ನಂಬರ್ ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರ್‌ನಲ್ಲಿ, ಅಂಗಡಿ ಬಿಲ್ಲಿಂಗ್ ಕೌಂಟರಿನಲ್ಲಿ ‘ನಂಬರ್ ಹೇಳಿ ಮೇಡಂ’ ಅಂದಾಗ ಅದನ್ನು ಕೊಡಬೇಡಿ. ಆದರೆ ಅದರ ರೀಚಾರ್ಜ್ ಮರೆಯಬೇಡಿ. 90 ದಿನ ಬಳಸದೆ ಬಿಟ್ಟರೆ ನಂಬರ್ ಕಡಿತವಾಗಿ ಮುಂದೆ ಬೇರೆಯವರ ಪಾಲಾಗಬಹುದು.

ಅಕ್ಕನ ಅಡುಗೆಮನೆ ಕ್ಯಾಲೆಂಡರಿನ ಪಕ್ಕ ಈಗ ಒಂದು ರಟ್ಟು ನೇತಾಡುತ್ತಿದೆ. ಬ್ಯಾಂಕು, ಮೊಬೈಲ್ ಕಂಪನಿ, 1930, ಮೂರನ್ನೂ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿದ್ದಾರೆ, ಕನ್ನಡಕ ಇಲ್ಲದೆ ಓದುವಷ್ಟು. ನೀವೂ ಒಂದು ಬರೆದಿಡಿ.