ಹನ್ನೆರಡು ಕುಂಡ, ನೂರಿಪ್ಪತ್ತು ಎಲೆ

ಕೃಷಿ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬರು ನಿದ್ರೆ ಬರುತ್ತಿಲ್ಲವೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಿದ್ದರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ). "ಮೇಡಂ, ನನಗೆ ಲೆಕ್ಕ ತಲೆಗೆ ಹತ್ತುವುದಿಲ್ಲ, ಸಂಶೋಧನೆ ನನ್ನಂಥವರಿಗಲ್ಲ" ಎಂಬುದನ್ನೇ ಮೊದಲ ಭೇಟಿಯುದ್ದಕ್ಕೂ ಹೇಳಿದರು.

ಮನಃಶಾಸ್ತ್ರ ಓದುವಾಗ ನಾನೂ ಪ್ರಯೋಗಗಳ ಸಂಖ್ಯಾಶಾಸ್ತ್ರ ಕಲಿತಿದ್ದರಿಂದ, ಮುಂದಿನ ಸಲ ದಾಖಲೆ ಪುಸ್ತಕ ತರಲು ಹೇಳಿದೆ. ಟೊಮೆಟೊ ಗಿಡಗಳಿಗೆ 4 ಉಪಚಾರ (ಹೋಲಿಸಿ ನೋಡಲು ಕೊಡುವ ಬೇರೆ ಬೇರೆ ಆರೈಕೆ), ಒಂದೊಂದಕ್ಕೆ 3 ಕುಂಡ, ಪ್ರತಿ ಕುಂಡದಿಂದ 10 ಎಲೆಗಳ ಅಳತೆ. ಆ 120 ಎಲೆಗಳನ್ನೂ ಬಿಡಿ ಬಿಡಿ ಪುನರಾವರ್ತನೆಗಳೆಂದು ಎಣಿಸಿದ್ದರಿಂದ ಉಪಚಾರಗಳ ನಡುವಿನ ವ್ಯತ್ಯಾಸ ಎದ್ದು ಕಂಡಿತ್ತು. ವಿಭಾಗದ ಸೆಮಿನಾರಿನಲ್ಲಿ ಯಾರೋ "ಉಪಚಾರ ಕೊಟ್ಟಿದ್ದು ಎಲೆಗೋ ಕುಂಡಕ್ಕೋ?" ಎಂದು ಕೇಳಿದಾಗ ಉತ್ತರಿಸಲಾಗದೆ, ಅಂದಿನಿಂದ ಗೈಡ್ ಎದುರಿಗೆ ಹೋಗುವುದನ್ನೇ ಬಿಟ್ಟಿದ್ದರು.

ಪ್ರಯೋಗವನ್ನು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿ ಎಂದೆ. ಐದನೆಯ ಕುಂಡಕ್ಕೆ ಚುಕ್ಕೆ ಇಡುತ್ತಿದ್ದವರು ಪೆನ್ನು ನಿಲ್ಲಿಸಿ, "ಒಂದು ಕುಂಡದ ಎಲೆಗಳೆಲ್ಲ ಒಂದೇ ಮಣ್ಣಿನವು, ಒಂದೇ ನೀರು ಕುಡಿದವು" ಎಂದರು. ಹಾಗಾಗಿ ಪುನರಾವರ್ತನೆಯೆಂದು ಎಣಿಸಬೇಕಾದದ್ದು ಎಲೆಯನ್ನಲ್ಲ, ಕುಂಡವನ್ನು. ದೋಷದ ಡಿಗ್ರೀಸ್ ಆಫ್ ಫ್ರೀಡಂ (ಇಲ್ಲಿ, ಪುನರಾವರ್ತನೆಗಳ ಒಟ್ಟು ಸಂಖ್ಯೆಯಿಂದ ಉಪಚಾರಗಳ ಸಂಖ್ಯೆ ಕಳೆದದ್ದು) 116 ಅಲ್ಲ, 8; ಉಪಚಾರಗಳ ನಡುವಿನ ವ್ಯತ್ಯಾಸವನ್ನು ಆಕಸ್ಮಿಕ ಏರಿಳಿತಕ್ಕೆ ಹೋಲಿಸುವ ಎಫ್ ಮೌಲ್ಯ ಶೇ. 5ರ ಮಟ್ಟದಲ್ಲಿ ದಾಟಬೇಕಾದದ್ದು ಸುಮಾರು 2.68 ಅಲ್ಲ, 4.07. ಇದನ್ನು ಕೋಷ್ಟಕ ನೋಡಿ ಅವರೇ ಹೇಳಿದರು. ಲೆಕ್ಕ ಬಾರದವರ ಮಾತಲ್ಲ ಇದು; ಅವರನ್ನು ಕಾಡುತ್ತಿದ್ದುದು ನಾಚಿಕೆ.

ನಾನು ಕೊಟ್ಟ ಸಲಹೆ ಇಷ್ಟು. ಆ ಚಿತ್ರವನ್ನೇ ಹಿಡಿದು ಈ ವಾರದೊಳಗೆ ಗೈಡ್‌ಗೆ ತಪ್ಪನ್ನು ನೇರವಾಗಿ ಹೇಳಿ. ಕುಂಡಗಳ ಸರಾಸರಿಯಿಂದ ಮತ್ತೆ ವಿಶ್ಲೇಷಿಸಿ, ಬಂದ ಫಲಿತಾಂಶವನ್ನು ಹಾಗೆಯೇ ಬರೆಯಿರಿ, ಬೇಕಾದ ಪಿ-ಮೌಲ್ಯ (ಉಪಚಾರಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಸಿಗುವವರೆಗೆ ಪರೀಕ್ಷೆಗಳನ್ನು ಬದಲಿಸುತ್ತಾ ಹೋಗಬೇಡಿ. ಸಾಫ್ಟ್‌ವೇರ್ ಬದಿಗಿಟ್ಟು, ಆ 12 ಸರಾಸರಿಗಳ ವಿಚಲನ ವಿಶ್ಲೇಷಣೆಯನ್ನು (ಎಫ್ ಮೌಲ್ಯ ಕೊಡುವ ಅನೋವಾ ಲೆಕ್ಕ) ಒಮ್ಮೆ ಕೈಯಾರೆ ಮಾಡಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊಲಗಳ ಲೆಕ್ಕದಿಂದ ಈ ವಿದ್ಯೆಯನ್ನು ಬೆಳೆಸಿದ ಸಂಖ್ಯಾಶಾಸ್ತ್ರಜ್ಞ ಫಿಶರ್, ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರನ್ನು ಕೇಳುವುದು ಬಹುತೇಕ ಮರಣೋತ್ತರ ಪರೀಕ್ಷೆ ಮಾಡಿಸಿದಂತೆ ಎಂದು 1938ರಲ್ಲಿ ಕಲ್ಕತ್ತದಲ್ಲೇ ಹೇಳಿದ್ದರು. ಆದ್ದರಿಂದ ಮುಂದಿನ ನಾಟಿಗೆ ಮುಂಚೆಯೇ ಸಂಖ್ಯಾಶಾಸ್ತ್ರದ ಅಧ್ಯಾಪಕರೊಂದಿಗೆ ಒಂದು ಗಂಟೆ ಕುಳಿತುಕೊಳ್ಳಿ. ರಾತ್ರಿ ಒಂಬತ್ತರ ನಂತರ ಲ್ಯಾಪ್‌ಟಾಪ್ ತೆರೆಯಬೇಡಿ. ಎರಡು ವಾರದಲ್ಲಿ ನಿದ್ರೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣೋಣ.

ನಾಲ್ಕನೆಯ ಭೇಟಿಗೆ ಹೊಸ ಯೋಜನೆಯನ್ನು ತಂದಿದ್ದರು: ಉಪಚಾರಕ್ಕೆ 8 ಕುಂಡ, ಒಟ್ಟು 32, ಯಾವುದಕ್ಕೆ ಯಾವ ಉಪಚಾರವೆಂದು ಚೀಟಿ ಎತ್ತಿ ಗೊತ್ತುಮಾಡಿದ್ದರು. ವಾರದಲ್ಲಿ ಒಂದೆರಡು ರಾತ್ರಿ ಇನ್ನೂ ಎಚ್ಚರವಾಗುತ್ತದೆಯಂತೆ. ಭೇಟಿಗಳು ಮುಂದುವರಿದಿವೆ.